ಉಳಿದದ್ದು ಯಾರಿಗೆ?

ಆಳಂದ ಸೀಮೆಯ ಕಿಣ್ಣಿ ಸುಲ್ತಾನದಂಥ ಊರಲ್ಲಿ ಪ್ಯಾಸ್ಕಲ್ ಬಾರದವರು ಸಿಕ್ಕಾರು, ಡಿವ್ ಮತ್ತು ಮಾಡ್ ಬಾರದವರು ಸಿಗಲಾರರು. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಮೇಷ್ಟ್ರು 1970ರಲ್ಲಿ ಹೊರತಂದ ಆ ಕಂಪ್ಯೂಟರ್ ಭಾಷೆಯಲ್ಲಿ ಪೂರ್ಣಾಂಕಗಳ ಭಾಗಾಕಾರಕ್ಕೆ ಇಬ್ಬರು ಆಳುಗಳು: ಡಿವ್ ಪಾಲು ಹೇಳುತ್ತದೆ, ಮಾಡ್ ಉಳಿದದ್ದು ಹೇಳುತ್ತದೆ. ನಮ್ಮ ಪಹಣಿಯದೂ ಇದೇ ಕಸುಬು. 149 ಗುಂಟೆಗೆ 40ರಿಂದ ಡಿವ್ ಹಾಕಿದರೆ 3 ಎಕರೆ, ಮಾಡ್ ಹಾಕಿದರೆ 29 ಗುಂಟೆ, ಬರೆಯುವುದು 3-29. ಅದನ್ನು ದಶಾಂಶವೆಂದು ಓದುವ ಬೆಂಗಳೂರಿನ ಅಳಿಯಂದಿರು ಕೂತಲ್ಲೇ 17 ಗುಂಟೆ ಕಳೆದುಕೊಳ್ಳುತ್ತಾರೆ.

ವಾಟ್ನಿಯ ದಿನ ಡಿವ್ ಒಂದು ಕಪ್ ಚಹಾ ಮುಗಿಯುವಷ್ಟರ ಕೆಲಸ. 11 ಎಕರೆ 9 ಗುಂಟೆ, ಅಂದರೆ 449 ಗುಂಟೆ, ಅಣ್ಣತಮ್ಮಂದಿರು ಮೂವರು, ತಲಾ 149. ಉಳಿದ 2 ಗುಂಟೆಗೆ ಮಾತ್ರ ಇಡೀ ರಾತ್ರಿ ಸಾಲದು. ಗುಂಟೆಗೆ 16ರಂತೆ 32 ಆಣೆ ಮಾಡಿ ತಲಾ 10 ಕೊಟ್ಟರೆ ಮತ್ತೆ 2 ಆಣೆ ಉಳಿದು ಕೂರುತ್ತದೆ. ಹಟ ತಮ್ಮಂದಿರದಲ್ಲ, ಮಾಡ್‌ನದು! "ಆ ಎರಡು ಗುಂಟ್ಯಾಗ ಬೇವಿನ ಗಿಡ ಅದ, ಅದರ ಪಾಲಿಗೇ ಬಿಡ್ರಪಾ" ಎಂದು ಮುತ್ಯಾ ಅಂದರೆ, ಗಿಡದ ನೆರಳು ಯಾರ ತೊಗರಿಯ ಮೇಲೆ ಬೀಳುತ್ತದೆಂಬ ಹೊಸ ಲೆಕ್ಕ ಶುರು.

ಪ್ಯಾಸ್ಕಲಿನಲ್ಲಿ ಓರೆಗೀಟಿನ ಭಾಗಾಕಾರವೂ ಉಂಟು. ಅದರ ಉತ್ತರ ಯಾವಾಗಲೂ ರಿಯಲ್, ಅಂದರೆ ದಶಾಂಶದ ಸಂಖ್ಯೆ, 6ನ್ನು 3ರಿಂದ ಭಾಗಿಸಿದರೂ. 7 ಆಡುಗಳನ್ನು ಹಾಗೆ ಮೂವರಿಗೆ ಹಂಚಿ ಇಂಟಿಜರ್ ದೊಡ್ಡಿಗೆ ಹೊಡೆಯಹೋದರೆ ಟರ್ಬೊ ಪ್ಯಾಸ್ಕಲ್ 'ಟೈಪ್ ಮಿಸ್‌ಮ್ಯಾಚ್' ಎಂದು ಬಾಗಿಲಲ್ಲೇ ತಡೆಯುತ್ತದೆ. ಆಡಿನ ಜೀವ ಉಳಿಯಿತು.

ನಿಜವಾದ ಮಜಾ ಇರುವುದು ಸಾಲದಲ್ಲಿ. ಅಪ್ಪ ಬಿಟ್ಟುಹೋದದ್ದು ಋಣ 7 ಸಾವಿರ, ಮಕ್ಕಳು 3 ಜನ. ಡಿವ್ ತಲಾ ಋಣ 2 ಎನ್ನುತ್ತದೆ. ಟರ್ಬೊ ಪ್ಯಾಸ್ಕಲಿನ ಮಾಡ್ ಋಣ 1 ಉಳಿಯಿತು ಎನ್ನುತ್ತದೆ; ಲೆಕ್ಕ ಸರಿ, ಜಗಳವೂ ಸರಿ. ಆದರೆ 1983ರ ಐಎಸ್‌ಒ 7185 ಎಂಬ ಪ್ಯಾಸ್ಕಲ್ ಶಾಸನದಲ್ಲಿ ಮಾಡ್ ಎಂದೂ ಋಣವಾಗಕೂಡದು. ಅಲ್ಲಿ ಉಳಿಯುವುದು ಧನ 2! ತಿರುಗಿ ಕೂಡಿಸಿ ನೋಡಿ: ಋಣ 6ಕ್ಕೆ ಧನ 2 ಸೇರಿಸಿದರೆ ಋಣ 4. ಯಾವ ಸರ್ಕಾರದ ಘೋಷಣೆಯೂ ಇಲ್ಲದೆ 3 ಸಾವಿರ ಸಾಲ ಮನ್ನಾ. ಇಷ್ಟು ಒಳ್ಳೆಯ ಶಾಸನವನ್ನು ಯಾವ ಸೊಸೈಟಿಯೂ ಗೋಡೆಗೆ ಅಂಟಿಸದಿರುವುದು ಸಹಜವೇ. ಪೈಥಾನ್ ಭಾಷೆ ಬಡ್ಡಿ ಸಾಹುಕಾರನ ಪೈಕಿ: ತಲಾ 3 ಹೊರಿಸಿ, ಹೆಚ್ಚಾದ 2ನ್ನು ಉಳಿಕೆ ಎಂದು ಬರೆದಿಡುತ್ತದೆ.

ಉಳಿಕೆಯ ಈ ಚಿಂತೆ ನಮ್ಮ ಜಿಲ್ಲೆಗೆ ಹೊಸದಲ್ಲ. ನೃಪತುಂಗ ಆಳಿದ ಮಳಖೇಡ ಇಲ್ಲಿಯದೇ. ಅವನ ಕಾಲದ, 9ನೆಯ ಶತಮಾನದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಒಂದು ಬಾಳೆಹಣ್ಣಿನ ಲೆಕ್ಕ ಇಟ್ಟಿದ್ದಾನೆ. ಒಂದೇ ಅಳತೆಯ 63 ಗುಡ್ಡೆ, ಮೇಲೆ ಬಿಡಿ 7 ಹಣ್ಣು; 23 ದಾರಿಹೋಕರಿಗೆ ಸಮವಾಗಿ ಹಂಚಿ ಏನೂ ಉಳಿಯಲಿಲ್ಲ; ಹಾಗಾದರೆ ಗುಡ್ಡೆಗೆ ಎಷ್ಟು? ಕಡಿಮೆಯೆಂದರೆ 5. ಒಟ್ಟು 322 ಹಣ್ಣು, ತಲಾ 14, ಮಾಡ್ ಸೊನ್ನೆ. ಕಾಡಿನಂಚು, ಸುಸ್ತಾದ ಜನ, ಜಗಳವಿಲ್ಲದ ಊಟ. ನಮ್ಮ ಕಡೆಯಾಗಿದ್ದರೆ ಹಂಚುವ ಹೊತ್ತಿಗೆ 24ನೆಯವ ಪಂಚಾಯ್ತಿ ಮಾಡಲು ಬಂದೇ ಬರುತ್ತಿದ್ದ. ತಲಾ 13 ಆಗಿ, ಉಳಿದ 10 ಹಣ್ಣು ಅವನ ಟವೆಲ್ಲಿಗೆ.