ಗೌಡರ ಐರನ್ನು

ಹೊಂಗನೂರಿನ ಗಾಲ್ಫ್ ಗೌಡರನ್ನು ನೀವು ನೋಡಿರಲಿಕ್ಕಿಲ್ಲ, ಆದರೆ ಅಂಥವರನ್ನು ಖಂಡಿತ ಬಲ್ಲಿರಿ. ತೆಂಗಿನ ತೋಟ, ರೇಷ್ಮೆಗೂಡಿನ ದುಡ್ಡು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಮೂರೂ ಕೂಡಿಬಂದ ಮೇಲೆ ಬಿಡದಿಯ ಈಗಲ್‌ಟನ್ ಗಾಲ್ಫ್ ಮೈದಾನಕ್ಕೆ ಮಗನ ಜೊತೆ ಒಮ್ಮೆ ಹೋಗಿಬಂದರು, ಕೆಟ್ಟರು. ಬ್ರಿಟಿಷರು 1876ರಲ್ಲೇ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಕಟ್ಟಿದ್ದರೂ ಈ ಆಟ ಚನ್ನಪಟ್ಟಣದ ಸೀಮೆಗೆ ಬಂದದ್ದು ತಮ್ಮಿಂದಲೇ ಎಂಬುದು ಅವರ ನಂಬಿಕೆ. ಟೀ ಅಂಗಡಿಯಲ್ಲೂ ಎರಡು ಕೈ ಜೋಡಿಸಿ ಗಾಳಿಗೆ ಸ್ವಿಂಗ್ ಹೊಡೆಯುತ್ತಾರೆ. ಪಕ್ಕದವರು ಲೋಟ ಸರಿಸಿಕೊಳ್ಳುತ್ತಾರೆ.

ಆಡುವುದಕ್ಕಿಂತ ಐರನ್ ಎಂಬ ಲೋಹದ ತಲೆಯ ಕೋಲು ಆರಿಸುವುದರಲ್ಲೇ ಗೌಡರಿಗೆ ಸುಖ ಹೆಚ್ಚು. ಅವರ ಕಣ್ಣು ಬಿದ್ದಿರುವುದು ಬ್ಲೇಡ್ ಮೇಲೆ: ಕಾಯಿಸಿ ಬಡಿದ ಮೆದು ಉಕ್ಕು, ತೆಳ್ಳನೆ ಅಂಚು, ನುಣ್ಣನೆ ಬೆನ್ನು. ಚೆಂಡು ನಟ್ಟನಡುವೆ ತಗುಲಿತೋ, ಹೊಡೆದದ್ದೇ ಕೈಗೆ ಗೊತ್ತಾಗುವುದಿಲ್ಲ. ಅರ್ಧ ಅಂಗುಲ ಆಚೀಚೆಯಾಯಿತೋ, ಮೊಣಕೈತನಕ ಜುಮ್ಮೆನ್ನುತ್ತದೆ, ಚೆಂಡು ಪೊದೆ ಸೇರುತ್ತದೆ. ಗೌಡರಿಗೆ ಸಾಮಾನ್ಯವಾಗಿ ಜುಮ್ಮೆನ್ನುತ್ತದೆ.

ಇದಕ್ಕೆ ಮದ್ದಿಲ್ಲದೆ ಇಲ್ಲ. 1959ರಲ್ಲಿ ಅಮೆರಿಕದಲ್ಲಿ ಪಿಂಗ್ ಕಂಪನಿ ಶುರುಮಾಡಿದ, ನಾರ್ವೆಯಲ್ಲಿ ಹುಟ್ಟಿದ ಎಂಜಿನಿಯರ್ ಕಾರ್ಸ್ಟನ್ ಸೋಲ್ಹೈಮ್, ಐರನ್ನಿನ ತಲೆಯ ನಡುವಿನ ಭಾರವನ್ನು ಸುತ್ತಂಚಿಗೆ ಹಂಚುವ ಉಪಾಯವನ್ನು ಜನಪ್ರಿಯಗೊಳಿಸಿದ. ಅದೇ ಬೆನ್ನು ಗುಳಿಬಿದ್ದ ಕ್ಯಾವಿಟಿ ಬ್ಯಾಕ್. ಏಟು ಪಕ್ಕಕ್ಕೆ ಬಿದ್ದರೂ ತಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ.

ಚೀಲ ಹೊರುವ ಕ್ಯಾಡಿ ಹುಡುಗ ಅಂಥದ್ದೊಂದನ್ನು ಮುಂದೆ ಹಿಡಿದ. “ಯಜಮಾನ್ರೇ, ಇದು ತಪ್ಪನ್ನ ಹೊಟ್ಟೆಗಾಕ್ಕೊಳ್ತದೆ.”

“ನಾನೇನ್ ತಪ್ಪು ಮಾಡಿವ್ನಿ ಅಂತ ಹೊಟ್ಟೆಗಾಕ್ಕೊಳ್ಳಾಕೆ? ಇದರ ದಪ್ಪ ನೋಡ್ಲಾ, ಹಾರೆ ಇದ್ದಂಗೈತೆ!”

ಗಂಟು ಇರುವುದು ಇಲ್ಲೇ. ಹೊಲದ ಬದು ಒಂದು ಗೇಣು ಸರಿಯಿತೆಂದು ಸ್ವಂತ ತಮ್ಮನನ್ನು ಕೋರ್ಟು ಹತ್ತಿಸಿದವರು ಗೌಡರು. ಕ್ಷಮಿಸಿಯೂ ಅಭ್ಯಾಸವಿಲ್ಲ, ಕ್ಷಮಿಸಿಕೊಂಡೂ ಅಭ್ಯಾಸವಿಲ್ಲ. ಅಂಥದ್ದರಲ್ಲಿ ಒಂದು ಕಬ್ಬಿಣದ ತುಂಡಿನ ಹಂಗಿಗೆ ಬೀಳುವುದುಂಟೆ? ಗೌಡತಿಯ ಲೆಕ್ಕವೇ ಬೇರೆ: “ಗುಳಿ ಇದ್ರೇನು, ಇಲ್ದಿದ್ರೇನು? ಆ ದುಡ್ಡಿಗೆ ಒಂದು ಸೀಮೆಹಸ ಬತ್ತಿತ್ತು.”

ಕೊನೆಗೆ ಮಗ ಪಂಚಾಯ್ತಿ ಮಾಡಿದ. ಚೀಲದಲ್ಲಿ 14 ಕ್ಲಬ್‌ಗಿಂತ ಹೆಚ್ಚು ಇರಕೂಡದು ಎಂದಷ್ಟೇ ನಿಯಮ. ಎಲ್ಲವೂ ಒಂದೇ ಜಾತಿಯಾಗಿರಬೇಕೆಂದಿಲ್ಲ. ಕೋಲು ಉದ್ದವಿರುವ, ಏಟು ತಪ್ಪುವ ಸಂಭವ ಹೆಚ್ಚಿರುವ 5, 6, 7ನೇ ನಂಬರಿನ ಐರನ್ನಿಗೆ ಕ್ಯಾವಿಟಿ. ಹತ್ತಿರದ ಹೊಡೆತದ 8, 9ಕ್ಕೆ ಅಪ್ಪನ ಬ್ಲೇಡು. ತಿಳಿದ ಆಟಗಾರರೂ ಹೀಗೆ ಬೆರೆಸಿಕೊಳ್ಳುತ್ತಾರೆ. ಗೌಡರು ಒಪ್ಪಿದರು, ಷರತ್ತಿನ ಮೇಲೆ: ಬ್ಲೇಡುಗಳು ಚೀಲದ ಮುಂದೆ, ಕ್ಯಾವಿಟಿಗಳು ಹಿಂದೆ, ಅವಕ್ಕೆ ಟೋಪಿ.

ಮೊನ್ನೆ 5ನೇ ನಂಬರಿನಲ್ಲಿ ಬೀಸಿದರು. ಏಟು ಬಿದ್ದದ್ದು ಅಂಚಿಗೆ. ಆದರೂ ಚೆಂಡು ಹೋಗಿ ಗುರಿಕುಳಿಯ ಸುತ್ತಲ ಗ್ರೀನ್ ಮೇಲೆ ಕೂತಿತು. ಮಗ ಮೊಬೈಲ್ ತೆಗೆದ. “ತಡಿಯಪ್ಪಾ” ಎಂದ ಗೌಡರು 5ಕ್ಕೆ ಟೋಪಿ ತೊಡಿಸಿ ಒಳಗಿಟ್ಟು, 9ರ ಬ್ಲೇಡನ್ನು ಹೆಗಲಿಗೇರಿಸಿ ಫೋಟೋಕ್ಕೆ ನಿಂತರು. ನಕ್ಕರೆ ಕ್ಷಮಿಸುವ ಜಾಯಮಾನ ಅವರದಲ್ಲವೆಂದು ಬಲ್ಲ ಕ್ಯಾಡಿ ಹುಡುಗ, ಇಲ್ಲದ ಚೆಂಡು ಹುಡುಕುತ್ತಾ ಪೊದೆಯೊಳಕ್ಕೆ ನುಗ್ಗಿದ.