ಹೈಫೈ ಜಿಜ್ಞಾಸು

ಹೈಫೈ ಜಿಜ್ಞಾಸು ಬಹುಮಟ್ಟಿಗೆ ಪುರುಷ, ನಲವತ್ತು ದಾಟಿದವನು. ಮನೆ ಸಾಲದ ಕಂತು ಮುಗಿಯುವ ಹೊತ್ತಿಗೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನಲ್ಲಾದರೆ ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿರುತ್ತಾನೆ, ಉಳಿದ ದಿನ ತನ್ನದೇ ಹಾಲ್‌ನಲ್ಲಿ ಟಾರ್ಚ್ ಹಿಡಿದು ಸ್ಪೀಕರಿನ ಹಿಂದೆ ಮಂಡಿಯೂರಿರುತ್ತಾನೆ.

ಇವನನ್ನು ಕಾಡುವ ಪ್ರಶ್ನೆ ಒಂದೇ: ರಿಸೀವರ್ ಕೊಳ್ಳುವುದೋ, ಬಿಡಿ ಕಾಂಪೊನೆಂಟುಗಳನ್ನೋ? ರಿಸೀವರ್ ಎಂದರೆ ಅವಿಭಕ್ತ ಕುಟುಂಬ. ಟ್ಯೂನರ್, ಪ್ರೀಆಂಪ್, ಪವರ್ ಆಂಪ್, ಸಿನಿಮಾ ಧ್ವನಿ ಬಿಡಿಸುವ ಡಿಕೋಡರ್ ಎಲ್ಲರೂ ಒಂದೇ ಸೂರಿನಡಿ, ಒಂದೇ ಪವರ್ ಸಪ್ಲೈನಲ್ಲಿ ಉಣ್ಣುವವರು. ಪೆಟ್ಟಿಗೆಯ ಮೇಲಿನ ನೂರು ವಾಟ್ ಸಾಮಾನ್ಯವಾಗಿ ಎರಡೇ ಚಾನೆಲ್ ದುಡಿಯುವಾಗ ಅಳೆದದ್ದು. ಏಳೂ ಚಾನೆಲ್ ಪಂಕ್ತಿಗೆ ಕೂತರೆ ಎಲೆಗೆ ಬೀಳುವುದು ಕಡಿಮೆ. ಬಿಡಿ ಕಾಂಪೊನೆಂಟುಗಳು ಪಾಲಾದ ಅಣ್ಣತಮ್ಮಂದಿರು. ತಲೆಗೊಂದು ಪೆಟ್ಟಿಗೆ, ತಲೆಗೊಂದು ಟ್ರಾನ್ಸ್‌ಫಾರ್ಮರ್, ತಲೆಗೊಂದು ಪ್ಲಗ್ಗು. ಒಬ್ಬನ ಗದ್ದಲ ಇನ್ನೊಬ್ಬನಿಗೆ ಅಷ್ಟಾಗಿ ತಟ್ಟದು. ಆದರೆ ಅವರ ನಡುವೆ ಮಾತುಕತೆ ನಡೆಸುವ ಕೇಬಲ್‌ಗಳ ಖರ್ಚು ಯಜಮಾನನದು. ಅರ್ಥಿಂಗ್‌ನಲ್ಲಿ ತಕರಾರು ಬಂದರೆ ಎಲ್ಲರೂ ಒಟ್ಟಾಗಿ 50 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತಾರೆ.

ಮೊದಲ ಹಂತದಲ್ಲಿ ಜಿಜ್ಞಾಸು ರಿಸೀವರ್ ಕೊಳ್ಳುತ್ತಾನೆ. 2014ರಲ್ಲಿ ಡಾಲ್ಬಿ ಆಟ್ಮಾಸ್ ಮನೆಯ ರಿಸೀವರ್‌ಗಳಿಗೆ ಬಂತು, 2017ರಲ್ಲಿ ಎಚ್‌ಡಿಎಂಐ 2.1 ಪ್ರಕಟವಾಯಿತು, ಎರಡು ಸಲವೂ ಇವನ ಹೊಸ ಪೆಟ್ಟಿಗೆ ಒಂದೇ ರಾತ್ರಿಗೆ ಹಳತಾಯಿತು. ಬಿಡಿಯಾಗಿದ್ದರೆ ಕೆಟ್ಟದ್ದೊಂದನ್ನೇ ಬದಲಿಸಬಹುದಲ್ಲ ಎಂದು ಎರಡನೆಯ ಹಂತಕ್ಕೆ ಕಾಲಿಡುತ್ತಾನೆ. ಒಂದನ್ನು ಬದಲಿಸಿದಾಗ ಉಳಿದವು ಅದಕ್ಕೆ ಸರಿಜೋಡಿಯಲ್ಲವೆಂದು ಗೊತ್ತಾಗುತ್ತದೆ.

ಲೆಕ್ಕದಲ್ಲಿ ಇವನು ಪಕ್ಕಾ. 50 ವಾಟನ್ನು 100ಕ್ಕೆ ಏರಿಸಿದರೆ ಸಿಗುವುದು ಮೂರೇ ಡೆಸಿಬಲ್. ಸದ್ದು ಕಿವಿಗೆ ಎರಡು ಪಟ್ಟು ಅನ್ನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಹಾಲ್‌ನಲ್ಲಿ ಹಿತವಾಗಿ ಕೇಳಲು ಹೆಚ್ಚಿನ ಹೊತ್ತು ಒಂದೆರಡು ವಾಟ್ ಸಾಕು. ಇಷ್ಟನ್ನೂ ಬಂದವರಿಗೆಲ್ಲ ವಿವರಿಸಿ, ಇನ್ನೂರು ವಾಟಿನದಕ್ಕೆ ಅಡ್ವಾನ್ಸ್ ಕೊಟ್ಟು ಬರುತ್ತಾನೆ.

ಇವನ ಸಂಗೀತಾಭಿರುಚಿ ಉನ್ನತವಾದದ್ದು, ಆದರೆ ಗಿಡ್ಡ. ಭೀಮಸೇನ ಜೋಶಿಯವರ ತಂಬೂರಿ ಮೊಳಗಿದೊಡನೆ ಕೇಬಲ್ ಬದಲಿಸಲು ಏಳುತ್ತಾನೆ. ಪಂಡಿತರು ಷಡ್ಜ ಹಚ್ಚುವವರೆಗೆ ಕೂತದ್ದಿಲ್ಲ. ಮನೆಗೆ ಬಂದ ನೆಂಟರನ್ನು ಎರಡೂ ಸ್ಪೀಕರಿಗೆ ಸಮದೂರದ ಒಂದೇ ಕುರ್ಚಿಯಲ್ಲಿ ಸರದಿಯಂತೆ ಕೂರಿಸಲಾಗುತ್ತದೆ. “ಚೆನ್ನಾಗಿದೆ” ಎಂದವರಿಗೆ ಎರಡನೇ ಸಲ ಕಾಫಿ ಇಲ್ಲ.

“ರೀ, ಪರದೆ ಹಾಕಿ, ಕೆಳಗೊಂದು ಜಮಖಾನ ಹಾಸಿದ್ರೆ ಈ ಗವ್ ಅನ್ನೋದು ಹೋಗಲ್ವಾ?” ಎಂದು ಮನೆಯಾಕೆ ಕೇಳುವುದುಂಟು. ಹೋಗುತ್ತದೆ. ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ಗಾಜಿನ ಕಿಟಕಿಗಳು ಸದ್ದನ್ನು ತಿರುಗಿಸಿ ಎಸೆಯುವುದರಿಂದ, ಆಂಪ್ ಬದಲಿಸುವುದಕ್ಕಿಂತ ಕೋಣೆ ತಿದ್ದುವುದೇ ಹೆಚ್ಚು ಫಲ ಕೊಡುತ್ತದೆ. ಆದರೆ ಜಮಖಾನಕ್ಕೆ ಮಾಡೆಲ್ ನಂಬರ್ ಇಲ್ಲ.

ಸಿನಿಮಾ ಹೆಚ್ಚು ನೋಡುವ ಮನೆಗೆ ರಿಸೀವರ್ ಸಾಕು. ಎರಡೇ ಸ್ಪೀಕರಿನಲ್ಲಿ ಸಂಗೀತ ಕೇಳುವವರಿಗೆ ಪ್ರೀಆಂಪ್, ಪವರ್ ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಒಂದು ಒಳ್ಳೆಯ ಇಂಟಿಗ್ರೇಟೆಡ್ ಆಂಪ್ ಸಾಕು. ಎರಡೂ ಬೇಕೆಂದರೆ ಪ್ರೀ-ಔಟ್ (ಹೊರಗಿನ ಆಂಪ್‌ಗೆ ದಾರಿ) ಇರುವ ರಿಸೀವರಿಗೆ ಮುಂದೆ ಪವರ್ ಆಂಪ್ ಜೋಡಿಸಿಕೊಳ್ಳಬಹುದು. ಇದು ಜಿಜ್ಞಾಸುವಿಗೆ ಚೆನ್ನಾಗಿ ಗೊತ್ತು. ಸಲಹೆ ಕೇಳಿದ ಪಕ್ಕದ ಮನೆಯವರಿಗೆ ಒಂದೇ ಸಂಜೆಯಲ್ಲಿ ಕೊಡಿಸಿ, ಜೋಡಿಸಿಯೂ ಬರುತ್ತಾನೆ. ಅವರು ಅಂದು ರಾತ್ರಿಯೇ ಹಾಡು ಹಾಕುತ್ತಾರೆ. ಗೋಡೆಯ ಈಚೆಯಿಂದ ಕಿವಿಗೊಟ್ಟ ಜಿಜ್ಞಾಸು, ಟ್ರೆಬಲ್ ಸಾಲದೆಂದು ತೀರ್ಪು ಕೊಡುತ್ತಾನೆ.