ಗುರ್ಕಾರರು ತಲೆ ಎತ್ತಿದ್ದು

ಮಂಗಳೂರು ಕಡೆಯ ಯಾವ ಕೆಥೊಲಿಕ್ ಇಗರ್ಜಿಗೆ ಹೋದರೂ ಒಬ್ಬ ಗುರ್ಕಾರರು ಸಿಕ್ಕೇ ಸಿಗುತ್ತಾರೆ. ವಾರ್ಡಿನ ಹಿರಿತಲೆ. ಯಾರ ಮನೆಯ ವಂತಿಗೆ ಬಾಕಿ, ಯಾವ ಫ್ಯಾನು ಯಾರ ಅಜ್ಜಿಯ ನೆನಪಿಗೆ ತಿರುಗುತ್ತಿದೆ, ಪಾದ್ರಿಗಳ ಶೆರ್ಮಾಂವ್ (ಪ್ರವಚನ) ಶುರುವಾದ ಕೂಡಲೇ ಯಾರು ಹೊರಗೆ ಹೋಗಿ ಬೈಕಿನ ಮೇಲೆ ಕೂರುತ್ತಾರೆ, ಎಲ್ಲವೂ ಬಾಯಿಪಾಠ. ಇಗರ್ಜಿಯನ್ನು ಮಾತ್ರ ಅವರು ನೋಡಿದ್ದಿಲ್ಲ. ನೋಡುವುದಕ್ಕೆ ಪುರುಸೊತ್ತು ಬೇಕಲ್ಲ!

ನಮ್ಮ ಗುರ್ಕಾರರ ನೆಮ್ಮದಿಗೆ ಸಂಚಕಾರ ಬಂದದ್ದು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು. ಅವರ ಬಾಡಿಗೆ ಮನೆಗೆ ಬಂದಿದ್ದ ಹುಬ್ಬಳ್ಳಿಯ ಮೇಷ್ಟ್ರು "ನಾನೂ ಬರ್ತೀನ್ರಿ" ಎಂದು ಹೊರಟೇಬಿಟ್ಟರು.

"ಮುಂದ ಬೆಂಚು ಖಾಲಿ ಅದಾವಲ್ರಿ, ಮಂದಿ ಬಾಗಲದಾಗ ಯಾಕ ನಿಂತಾರ?"

"ಅದು ಹಾಗೆಯೇ ಮಾರಾಯ್ರೆ."

ಒಂಬತ್ತು ದಿನದಿಂದ ಮರಿಯಮ್ಮನಿಗೆ ಹೂ ಹಾಕುತ್ತಿದ್ದ ಮಕ್ಕಳು ಅಂದೂ ಹಾಕಿದ್ದು, ಪಾದ್ರಿಗಳು ಹೊಸ ತೆನೆ ಆಶೀರ್ವದಿಸಿದ್ದು, ಕೊನೆಗೆ ಮಕ್ಕಳು ಕಬ್ಬಿಗೆ ಮುಗಿಬಿದ್ದದ್ದು, ಯಾವುದೂ ಮೇಷ್ಟ್ರ ಕಣ್ಣು ತಪ್ಪಲಿಲ್ಲ. "ನಮ್ಮ ಸೀಗಿ ಹುಣ್ಣಿವಿ ಇದ್ದಂಗ ಆತು ಬಿಡ್ರಿ. ಊಟಕ್ಕ ಮೀನೇನ್ರಿ?"

"ಇವತ್ತು ಮೀನಿಲ್ಲ, ಬರೀ ತರಕಾರಿ. ತೆನೆಯ ಕಾಳು ಪಾಯಸಕ್ಕೆ."

"ಯಾಕ್ರಿ?"

ಗುರ್ಕಾರರು ತಡವರಿಸಿದರು. ಹುಟ್ಟಿದಂದಿನಿಂದ ಉಂಡ ಊಟ. ಯಾಕೆ ಎಂದು ಕೇಳಿದವರಿರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಮೊಗಸಾಲೆಯಲ್ಲಿ ನಿಂತು ಮಾಡಿನ ಅಡಿ ಓದತೊಡಗಿದ್ದರು. "ಹಂಚಿನ ಮ್ಯಾಲ ಬಾಸೆಲ್ ಮಿಶನ್, 1865 ಅಂತ ಬರದದ ನೋಡ್ರಿ!"

ಬಾಸೆಲ್ ಮಿಶನ್ ಎಂದರೆ ಪ್ರೊಟೆಸ್ಟಂಟರು. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಮೊದಲು ತೆರೆದವರು. ಕೆಥೊಲಿಕ್ ಇಗರ್ಜಿಯ ನೆತ್ತಿಯ ಮೇಲೆ ಅವರ ಮುದ್ರೆ! ಗುರ್ಕಾರರೋ ಊರಿಗೆಲ್ಲ "ಅದು ಅಲ್ಬುಕರ್ಕ್ ಹಂಚು, ನಮ್ಮವರದ್ದೇ" ಎಂದು ಸಾರಿಕೊಂಡು ಬಂದಿದ್ದರು. ಕನ್ನಡಕ ಒರೆಸಿ ನೋಡಿದರು. ಅಕ್ಷರ ಬದಲಾಗಲಿಲ್ಲ.

"ಹಂಚು ಯಾರದ್ದಾದರೇನು ಮಾರಾಯ್ರೆ, ಸೋರುವುದಿಲ್ಲವಲ್ಲ!"

ಅಂದಿನಿಂದ ಗುರ್ಕಾರರಿಗೆ ನೋಡುವ ಹುಚ್ಚು ಹತ್ತಿದೆ. ಹೊಸಬರು ಯಾರೇ ಬರಲಿ, ಗಂಟೆಯ ಹಗ್ಗದಿಂದ ಹಿಡಿದು ಕಿಟಕಿಯ ಬಣ್ಣದ ಗಾಜಿನವರೆಗೆ ಎಲ್ಲ ತೋರಿಸದೆ ಬಿಡರು. ವಂತಿಗೆ ವಸೂಲಿ ಹಿಂದೆ ಬಿದ್ದಿದೆ ಎಂದು ಪಾದ್ರಿಗಳ ದೂರು. ನೀವು ಆ ಕಡೆ ಹೋಗುವುದಾದರೆ ಕೈಯಲ್ಲೊಂದು ಗಂಟೆ ಬಿಡುವು ಇಟ್ಟುಕೊಂಡೇ ಹೋಗಿ. ಹಂಚಿನ ವಿಷಯ ಮಾತ್ರ ನೀವಾಗಿ ಎತ್ತಬೇಡಿ.